ನಡಿಗೆಯ ಪುನಶ್ಶಿಕ್ಷಣ: ಮಲ್ಟಿಪಲ್ ಸ್ಕ್ಲೆರೋಸಿಸ್ ಚಿಕಿತ್ಸೆಯ ಚರಿತ್ರೆಯಲ್ಲಿ ದೃಷ್ಟಿಯ ಸ್ಥಾನ

೧. ವಿಷಯಪ್ರವೇಶ

ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರರೋಗದಿಂದ ನಡಿಗೆ ಕೆಟ್ಟವರಿಗೆ ಯಂತ್ರಕಲ್ಪಿತವಾದ ದೃಶ್ಯಗಳ ನಡುವೆ ನಡೆಯುವ ಅಭ್ಯಾಸವನ್ನು ಮಾಡಿಸಿ, ಆ ಮೂಲಕ ಅವರ ಗತಿಯನ್ನು ತಿದ್ದುವ ಪದ್ಧತಿಯೊಂದು ಇಪ್ಪತ್ತೊಂದನೆಯ ಶತಮಾನದ ಮೊದಲ ದಶಕದಿಂದೀಚೆಗೆ ಹಲವು ದೇಶಗಳ ವೈದ್ಯಶಾಲೆಗಳಲ್ಲಿ ಆಚರಣೆಗೆ ಬಂದಿದೆ. ರೋಗಿಯು ಕಣ್ಣಿಗೆ ಕನ್ನಡಕದಂತಹ ಉಪಕರಣವನ್ನು ಧರಿಸುವನು. ಅಥವಾ ಉರುಳುವ ಪಟ್ಟಿಯ ಮೇಲೆ ನಡೆಯುತ್ತ ಎದುರಿನ ತೆರೆಯನ್ನು ನೋಡುವನು. ಅಲ್ಲಿ ಕಾಣುವ ದಾರಿಯೂ ದಾರಿಯ ಅಡ್ಡಿಗಳೂ ವಸ್ತುತಃ ಇಲ್ಲದವು. ಅವುಗಳನ್ನು ದಾಟಲು ಅವನು ಎತ್ತುವ ಹೆಜ್ಜೆ ಮಾತ್ರ ನಿಜವಾದುದು. ಈ ಪದ್ಧತಿಯನ್ನು ಕಂಡವರು, ಇದು ಗಣಕಯಂತ್ರಯುಗದ ಒಂದು ವಿನೋದವೆಂದೂ ಇದಕ್ಕೆ ಹಿಂದಣ ಚರಿತ್ರೆಯಿಲ್ಲವೆಂದೂ ಭಾವಿಸುವ ಸಂಭವವುಂಟು.

ಆದರೆ ಲಿಖಿತಾಧಾರಗಳನ್ನು ಕ್ರಮವಾಗಿ ಪರಿಶೀಲಿಸಿದರೆ ಈ ಭಾವನೆ ನಿಲ್ಲತಕ್ಕುದಲ್ಲ. ಯಂತ್ರವು ಹೊಸದು, ಅದರಲ್ಲಿ ಅಡಗಿರುವ ತತ್ತ್ವವು ಹಳೆಯದು. ಕಾಲಿನ ಅರಿವು ಲೋಪವಾದಲ್ಲಿ ಕಣ್ಣಿನ ಅರಿವನ್ನು ಅದರ ಸ್ಥಾನದಲ್ಲಿ ನಿಲ್ಲಿಸಬಹುದೆಂಬುದೇ ಆ ತತ್ತ್ವ. ಅದು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಗೋಚರವಾಗಿದ್ದು, ಒಬ್ಬ ಸ್ವಿಸ್ ವೈದ್ಯನ ಕೈಯಲ್ಲಿ ಶಾಸ್ತ್ರರೂಪವನ್ನು ತಳೆದು, ಬಳಿಕ ಈ ರೋಗಿಗಳ ವಿಷಯದಲ್ಲಿ ಬಹುಕಾಲ ಮರೆಯಲ್ಲಿದ್ದು, ಮತ್ತೆ ಯಂತ್ರದ ವೇಷದಲ್ಲಿ ಕಾಣಿಸಿಕೊಂಡಿತು. ಈ ಮರವೆಯ ಕಾಲದಲ್ಲಿ ರೋಗಿಗಳಿಗೆ ಉಂಟಾದ ನಷ್ಟವು ಅಲ್ಪವಲ್ಲ. ಆದುದರಿಂದ ಇದರ ಚರಿತ್ರೆಯನ್ನು ವಿಚಾರಿಸುವುದು ಕೇವಲ ಕುತೂಹಲಕ್ಕಾಗಿ ಅಲ್ಲ. ಯಾವುದನ್ನು ಯಂತ್ರದ ಗುಣವೆನ್ನಬೇಕು, ಯಾವುದನ್ನು ಅಭ್ಯಾಸದ ಗುಣವೆನ್ನಬೇಕು ಎಂಬ ನಿರ್ಣಯವೂ ಅದನ್ನು ಅವಲಂಬಿಸಿದೆ.

೨. ಶಬ್ದವಿಚಾರ

ಮೊದಲು ಹೆಸರುಗಳ ವಿಚಾರ. ಸ್ಕ್ಲೆರೋಸಿಸ್ ಎಂಬುದು ಗ್ರೀಕ್ ಮೂಲದ ಶಬ್ದ. ಗಡುಸಾಗುವಿಕೆ, ಕಾಠಿನ್ಯ ಎಂದು ಇದರ ಅರ್ಥ. ಮೆದುಳಿನಲ್ಲಿಯೂ ಬೆನ್ನುಹುರಿಯಲ್ಲಿಯೂ ಅಲ್ಲಲ್ಲಿ ಗಡುಸಾದ ಮಚ್ಚೆಗಳು ಕಾಣುವುದರಿಂದ ಈ ಹೆಸರು ಬಂದಿದೆ. ಸಂಸ್ಕೃತದಲ್ಲಿ ಹೇಳುವುದಾದರೆ ಬಹುಸ್ಥಾನಕಾಠಿನ್ಯವೆನ್ನಬಹುದು. ಆದರೆ ಮೂಲನಾಮವೇ ಲೋಕದಲ್ಲಿ ರೂಢವಾಗಿರುವುದರಿಂದ ಅದನ್ನೇ ಇಲ್ಲಿ ಉಳಿಸಲಾಗಿದೆ.

ಈ ರೋಗವು ನಮ್ಮ ಪ್ರಾಚೀನ ವೈದ್ಯಗ್ರಂಥಗಳಲ್ಲಿ ಉಕ್ತವಾಗಿದೆಯೇ ಎಂಬ ಪ್ರಶ್ನೆಯು ಸಹಜವಾಗಿಯೇ ಏಳುವುದು. ಸುಶ್ರುತಸಂಹಿತೆಯ ನಿದಾನಸ್ಥಾನದ ವಾತವ್ಯಾಧಿ ಪ್ರಕರಣದಲ್ಲಿ ಖಂಜ, ಪಂಗು, ಕಲಾಯಖಂಜ ಎಂಬ ಮೂರು ವಿಕಾರಗಳು ಹೇಳಲ್ಪಟ್ಟಿವೆ. ಇವುಗಳಲ್ಲಿ ಕಲಾಯಖಂಜನು ನಡೆಯತೊಡಗಿದೊಡನೆ ನಡುಗುವನು, ಕುಂಟುವನು, ಅವನ ಸಂಧಿಬಂಧಗಳು ಸಡಿಲವಾಗಿರುವವು ಎಂಬ ಲಕ್ಷಣವನ್ನು ನೋಡಿ ಅದೇ ಮಲ್ಟಿಪಲ್ ಸ್ಕ್ಲೆರೋಸಿಸ್ ಎಂದು ಸಾಧಿಸಲು ಹೊರಡುವುದು ಸುಲಭ. ಆದರೆ ಅದು ಯುಕ್ತವಲ್ಲ. ಕಲಾಯವೆಂಬುದು ಒಂದು ದ್ವಿದಳಧಾನ್ಯದ ಹೆಸರು. ಅಂತಹ ಧಾನ್ಯವನ್ನು ಅತಿಯಾಗಿ ಉಂಡುದರಿಂದ ಬರುವ ಕಾಲಿನ ವೈಕಲ್ಯವನ್ನೇ ಈ ಹೆಸರು ಸೂಚಿಸುತ್ತದೆಂದು ಆಧುನಿಕ ವಿದ್ವಾಂಸರು ಗ್ರಹಿಸಿರುತ್ತಾರೆ. ಲಕ್ಷಣಸಾಮ್ಯಮಾತ್ರದಿಂದ ರೋಗೈಕ್ಯವನ್ನು ಸಾಧಿಸುವುದು, ನಾಮಸಾಮ್ಯಮಾತ್ರದಿಂದ ಇಬ್ಬರು ಕವಿಗಳನ್ನು ಒಬ್ಬನೆಂದು ಸಾಧಿಸಿದಷ್ಟೇ ದುರ್ಬಲವಾದುದು.

ವ್ಯಾಕರಣದ ಒಂದು ಸಂಗತಿಯೂ ಇಲ್ಲಿ ಸ್ಮರಣೀಯವಾಗಿದೆ. ಪಾಣಿನಿಯ ಅಷ್ಟಾಧ್ಯಾಯಿಯ ಎರಡನೆಯ ಅಧ್ಯಾಯದ ಮೂರನೆಯ ಪಾದದಲ್ಲಿ, ಯಾವ ಅಂಗದಿಂದ ಮನುಷ್ಯನ ವಿಕಾರವು ಲಕ್ಷಿತವಾಗುವುದೋ ಆ ಅಂಗವಾಚಿಗೆ ತೃತೀಯಾವಿಭಕ್ತಿಯು ವಿಹಿತವಾಗಿದೆ. ಪಾದದಿಂದ ಕುಂಟನು, ಕಣ್ಣಿನಿಂದ ಕುರುಡನು ಎಂಬುದು ಇದರ ಸಾಂಪ್ರದಾಯಿಕ ಉದಾಹರಣರೀತಿ. ಅಂಗವು ವಿಕಾರವನ್ನು ತೋರಿಸುತ್ತದೆ ಎಂಬಷ್ಟೇ ಈ ವಿಧಿಯ ತಾತ್ಪರ್ಯ. ವಿಕಾರದ ಮೂಲವು ಆ ಅಂಗದಲ್ಲಿಯೇ ಇದೆ ಎಂದಲ್ಲ. ಈ ವಿವೇಕವು ವೈದ್ಯರಿಗೆ ಲಭಿಸಲು ಹತ್ತೊಂಬತ್ತನೆಯ ಶತಮಾನದವರೆಗೆ ಕಾಯಬೇಕಾಯಿತು. ಪ್ರಕೃತರೋಗದಲ್ಲಿ ಪಾದವೂ ಜಂಘೆಯೂ ನಿರ್ದೋಷಗಳು. ಮೆದುಳಿನಿಂದ ಪಾದಕ್ಕೆ ಆಜ್ಞೆಯನ್ನು ಒಯ್ಯುವ, ಪಾದದಿಂದ ಮೆದುಳಿಗೆ ವಾರ್ತೆಯನ್ನು ತರುವ ನರಮಾರ್ಗಗಳಲ್ಲಿ ದೋಷವಿದೆ.

ಇನ್ನು ವರ್ಚುವಲ್ ರಿಯಾಲಿಟಿ ಎಂಬ ಶಬ್ದ. ಇದನ್ನು ಯಂತ್ರಶಾಸ್ತ್ರದಲ್ಲಿ ಪ್ರಚುರಪಡಿಸಿದವನು ಅಮೆರಿಕದ ಜ್ಯಾರನ್ ಲೇನಿಯರ್. ಕಾಲವು ೧೯೮೦ರ ದಶಕ. ಆದರೆ ಇದರ ಫ್ರೆಂಚ್ ರೂಪವು ಅದಕ್ಕೂ ಹಿಂದೆ, ೧೯೩೮ರಲ್ಲಿ ಪ್ರಕಟವಾದ ಆಂತೊನೆನ್ ಆರ್ತೋ ಎಂಬ ನಾಟ್ಯಮೀಮಾಂಸಕನ ಗ್ರಂಥದಲ್ಲಿಯೇ ದೊರೆಯುತ್ತದೆ. ರಂಗಭೂಮಿಯ ಮೇಲೆ ತೋರುವ ಪಾತ್ರವಸ್ತುಗಳ ಲೋಕಕ್ಕೆ ಅವನು ಆ ಹೆಸರನ್ನು ಕೊಟ್ಟಿದ್ದನು. ಹೀಗೆ ಈ ಶಬ್ದದ ತವರು ಯಂತ್ರಶಾಲೆಯಲ್ಲ, ನಾಟ್ಯಶಾಲೆ. ಕನ್ನಡದಲ್ಲಿ ಇದನ್ನು ಮಿಥ್ಯಾವಾಸ್ತವವೆಂದು ಹೇಳುವವರುಂಟು. ಅದ್ವೈತಿಗಳು ಸತ್ತೆಯನ್ನು ಪಾರಮಾರ್ಥಿಕ, ವ್ಯಾವಹಾರಿಕ, ಪ್ರಾತಿಭಾಸಿಕ ಎಂದು ಮೂರಾಗಿ ವಿಂಗಡಿಸಿರುವುದನ್ನು ನೆನೆದರೆ ಪ್ರಾತಿಭಾಸಿಕವೆಂಬುದೇ ಇದಕ್ಕೆ ಹೆಚ್ಚು ಸಮೀಪವೆಂದು ತೋರುತ್ತದೆ. ಹಗ್ಗದಲ್ಲಿ ಕಂಡ ಹಾವು ಮಿಥ್ಯೆ; ಅದನ್ನು ಕಂಡವನ ನಡುಕವೂ ಹಿಂದೆ ಇಟ್ಟ ಹೆಜ್ಜೆಯೂ ಮಿಥ್ಯೆಯಲ್ಲ. ಪ್ರತಿಭಾಸದಿಂದ ವ್ಯಾವಹಾರಿಕವಾದ ಫಲವುಂಟಾಗಬಹುದೆಂಬ ಈ ಸಂಗತಿಯ ಮೇಲೆಯೇ ಪ್ರಕೃತಚಿಕಿತ್ಸೆಯು ನಿಂತಿದೆ.

೩. ರೋಗವು ಗುರುತಿಸಲ್ಪಟ್ಟ ಬಗೆ

ಈ ರೋಗದಿಂದ ಪೀಡಿತನಾದವನು ತಾನೇ ಬರೆದಿಟ್ಟ ಪೂರ್ವತಮ ವಿಸ್ತೃತ ವೃತ್ತಾಂತಗಳಲ್ಲಿ ಆಗಸ್ಟಸ್ ದೆಸ್ತೆ ಎಂಬವನ ದಿನಚರಿಯು ಮುಖ್ಯವಾದುದು. ಇವನು ಇಂಗ್ಲೆಂಡಿನ ಮೂರನೆಯ ಜಾರ್ಜ್ ದೊರೆಯ ಮೊಮ್ಮಗ. ಜನನ ೧೭೯೪, ಮರಣ ೧೮೪೮. ೧೮೨೨ರ ಡಿಸೆಂಬರಿನಲ್ಲಿ, ತಾನು ತಂದೆಯಂತೆ ಪ್ರೀತಿಸುತ್ತಿದ್ದ ಬಂಧುವೊಬ್ಬನನ್ನು ಕಾಣಲು ಸ್ಕಾಟ್ಲೆಂಡಿಗೆ ಹೋಗಿ, ಅವನು ಮೃತನಾಗಿರುವುದನ್ನು ಕಂಡು, ಅಂತ್ಯಕ್ರಿಯೆಯಲ್ಲಿ ಕಣ್ಣೀರನ್ನು ತಡೆದುಕೊಂಡು ನಿಂತನು. ಅನಂತರ ಸ್ವಲ್ಪಕಾಲದಲ್ಲಿಯೇ ದೃಷ್ಟಿಯು ಮಂದವಾಗಿ, ತನ್ನ ಪತ್ರಗಳನ್ನು ಪರರಿಂದ ಓದಿಸಿಕೊಳ್ಳಬೇಕಾಯಿತು. ಆ ಮಾಂದ್ಯವು ಔಷಧವಿಲ್ಲದೆಯೇ ಹೋಯಿತು. ೧೮೨೭ರಲ್ಲಿ ಫ್ಲಾರೆನ್ಸ್ ನಗರದಲ್ಲಿದ್ದಾಗ ಒಂದು ವಸ್ತು ಎರಡಾಗಿ ತೋರತೊಡಗಿತು. ಕಾಲುಗಳ ಬಲವು ಕುಂದಿತು. ಅಲ್ಲಿಂದ ಮುಂದೆ ಕಾಲು ಶತಮಾನಕ್ಕೆ ಸ್ವಲ್ಪ ಕಡಮೆಯಾದ ಅವಧಿಯಲ್ಲಿ ಅವನ ನಡಿಗೆಯು ಹಂತಹಂತವಾಗಿ ಇಳಿದುದನ್ನು ಆ ದಿನಚರಿಯಲ್ಲಿ ಕಾಣಬಹುದು. ಪುಷ್ಟಿಕರವಾದ ಮಾಂಸಾಹಾರ, ಮದ್ಯ, ತೈಲಲೇಪನ, ಸ್ನಾನಗಳು ಮೊದಲಾದ ಅಂದಿನ ಚಿಕಿತ್ಸೆಗಳೆಲ್ಲವೂ ನಡೆದವು, ಯಾವುದೂ ಫಲಿಸಲಿಲ್ಲ. ಡಗ್ಲಸ್ ಫರ್ತ್ ಎಂಬ ವೈದ್ಯನು ೧೯೪೮ರಲ್ಲಿ ಈ ಚರಿತ್ರೆಯನ್ನು ಪುಸ್ತಕರೂಪದಲ್ಲಿ ಪ್ರಕಟಿಸಿದನು. ದೆಸ್ತೆಯು ತನ್ನ ರೋಗದ ಹೆಸರನ್ನು ತಿಳಿಯದೆಯೇ ಸತ್ತನೆಂಬುದು ಗಮನಾರ್ಹ. ಆಗ ಅದಕ್ಕೆ ಹೆಸರೇ ಇರಲಿಲ್ಲ.

ಅತ್ತ ಶವಪರೀಕ್ಷಕರು ಅದೇ ಕಾಲದಲ್ಲಿ ರೋಗದ ಗುರುತನ್ನು ನೋಡುತ್ತಿದ್ದರು. ಸ್ಕಾಟ್ಲೆಂಡಿನ ರಾಬರ್ಟ್ ಕಾರ್ಸ್ವೆಲ್ ೧೮೩೮ರ ತನ್ನ ಚಿತ್ರಸಂಪುಟದಲ್ಲಿಯೂ, ಪ್ಯಾರಿಸಿನ ಝಾಂ ಕ್ರುವೇಯೇ ೧೮೨೯ರಿಂದ ೧೮೪೨ರವರೆಗೆ ಭಾಗಭಾಗವಾಗಿ ಹೊರತಂದ ಮಹಾಗ್ರಂಥದಲ್ಲಿಯೂ ಬೆನ್ನುಹುರಿಯ ಮಚ್ಚೆಗಳನ್ನು ಚಿತ್ರಿಸಿದರು. ೧೮೬೬ರಲ್ಲಿ ವುಲ್ಪಿಯಾನನು ಮಚ್ಚೆಗಳಾಗಿ ಹರಡಿದ ಕಾಠಿನ್ಯವೆಂಬ ಅರ್ಥದ ಫ್ರೆಂಚ್ ಹೆಸರನ್ನು ಬಳಸಿದನು. ೧೮೬೮ರಲ್ಲಿ ಝಾಂ ಮಾರ್ಟಿನ್ ಷಾರ್ಕೊ (೧೮೨೫–೧೮೯೩) ಪ್ಯಾರಿಸಿನ ಸಾಲ್ಪೆಟ್ರಿಯೇರ್ ವೈದ್ಯಶಾಲೆಯ ತನ್ನ ಉಪನ್ಯಾಸಗಳಲ್ಲಿ ಜೀವಿತಕಾಲದ ಲಕ್ಷಣಗಳನ್ನೂ ಮರಣಾನಂತರದ ಮಚ್ಚೆಗಳನ್ನೂ ಒಂದಕ್ಕೊಂದು ಹೊಂದಿಸಿ, ಇದನ್ನು ಪಾರ್ಕಿನ್ಸನ್ ರೋಗದಿಂದ ಬೇರ್ಪಡಿಸಿ, ಸ್ವತಂತ್ರ ರೋಗವೆಂದು ಸ್ಥಾಪಿಸಿದನು. ನರತಂತುಗಳ ಮೇಲಣ ಕೊಬ್ಬಿನ ಹೊದಿಕೆಯು ನಾಶವಾದರೂ ಒಳಗಿನ ತಂತುವು ಬಹುಮಟ್ಟಿಗೆ ಉಳಿದಿರುತ್ತದೆಂಬುದನ್ನು ಅವನು ಕಂಡಿದ್ದನು. ಆ ಹೊದಿಕೆಗೆ ಮಯೆಲಿನ್ ಎಂದು ಹೆಸರು. ಶರೀರದ ರಕ್ಷಣವ್ಯವಸ್ಥೆಯೇ ದಾರಿತಪ್ಪಿ ಈ ಹೊದಿಕೆಯನ್ನು ಆಕ್ರಮಿಸುತ್ತದೆಂಬುದೂ, ಹೊದಿಕೆ ಹೋದ ತಂತುವಿನಲ್ಲಿ ವಾರ್ತೆಯು ತಡವಾಗಿ ಸಾಗುತ್ತದೆ ಅಥವಾ ನಿಂತೇ ಹೋಗುತ್ತದೆಂಬುದೂ, ಕಾಲಕ್ರಮದಲ್ಲಿ ತಂತುಗಳೂ ನಾಶವಾಗುತ್ತವೆಂಬುದೂ ಇಪ್ಪತ್ತನೆಯ ಶತಮಾನದಲ್ಲಿ ಸ್ಪಷ್ಟವಾದವು.

ಇಷ್ಟು ಸೂಕ್ಷ್ಮವಾಗಿ ರೋಗವನ್ನು ವರ್ಣಿಸಿದ ಷಾರ್ಕೊ ಚಿಕಿತ್ಸೆಯ ವಿಷಯದಲ್ಲಿ ನಿರಾಶನಾಗಿದ್ದನು. ನಿದಾನವು ಬೆಳೆದಷ್ಟು ಚಿಕಿತ್ಸೆಯು ಬೆಳೆಯಲಿಲ್ಲ. ರೋಗದ ಗತಿಯನ್ನು ತಡೆಯುವ ಮೊದಲ ಔಷಧವು ಅಮೆರಿಕದಲ್ಲಿ ಅಂಗೀಕೃತವಾದುದು ೧೯೯೩ರಲ್ಲಿ. ಅಂದರೆ ನಾಮಕರಣಕ್ಕೂ ಔಷಧಕ್ಕೂ ನಡುವೆ ಒಂದೂಕಾಲು ಶತಮಾನವು ಕಳೆಯಿತು.

೪. ನಡಿಗೆಯನ್ನು ಬರೆದಿಡುವ ಪ್ರಯತ್ನಗಳು

ಕೆಟ್ಟ ನಡಿಗೆಯನ್ನು ತಿದ್ದುವುದಕ್ಕೆ ಮೊದಲು ಅದನ್ನು ಅಳೆಯಬೇಕು. ಜರ್ಮನಿಯ ವೇಬರ್ ಸೋದರರು ೧೮೩೬ರಲ್ಲಿ ಮನುಷ್ಯನ ನಡೆಯುವ ಅಂಗಗಳ ಯಂತ್ರಶಾಸ್ತ್ರವನ್ನು ಕುರಿತು ಗ್ರಂಥವನ್ನು ರಚಿಸಿದರು. ಫ್ರಾನ್ಸಿನ ಮಾರೇ ಎಂಬವನು ೧೮೮೦ರ ದಶಕದಲ್ಲಿ ಒಂದೇ ಫಲಕದ ಮೇಲೆ ಚಲನೆಯ ಅನೇಕ ಕ್ಷಣಗಳನ್ನು ಛಾಯಾಚಿತ್ರಿಸುವ ಉಪಾಯವನ್ನು ಕಂಡುಹಿಡಿದನು. ಆದರೆ ರೋಗಿಗಳ ಮಟ್ಟಿಗೆ ಅತ್ಯಂತ ಸರಳವೂ ಸ್ವಾರಸ್ಯವೂ ಆದ ಉಪಾಯವು ಷಾರ್ಕೊವಿನ ಶಿಷ್ಯನಾದ ಝಿಲ್ ದ ಲಾ ತುರೆತ್ತನದು. ಅವನು ರೋಗಿಗಳ ಅಂಗಾಲಿಗೆ ಕೆಂಪು ಲೋಹಚೂರ್ಣವನ್ನು ಬಳಿದು, ನೆಲದ ಮೇಲೆ ಹಾಸಿದ ಉದ್ದನೆಯ ಕಾಗದದ ಸುರುಳಿಯ ಮೇಲೆ ಅವರನ್ನು ನಡೆಯಿಸಿ, ಉಳಿದ ಹೆಜ್ಜೆಗುರುತುಗಳ ಅಂತರ, ಅಗಲ, ಕೋನಗಳನ್ನು ಅಳೆದು, ೧೮೮೬ರಲ್ಲಿ ಪ್ರಕಟಿಸಿದನು. ನರರೋಗಿಗಳ ನಡಿಗೆಯ ಒಂದೊಂದು ಬಗೆಯೂ ಹೀಗೆ ಕಾಗದದ ಮೇಲೆ ಓದಬಹುದಾದ ಬರಹವಾಯಿತು.

ಇಪ್ಪತ್ತನೆಯ ಶತಮಾನದಲ್ಲಿ ಅಮೆರಿಕದ ಜಾನ್ ಕುರ್ಟ್ಸ್ಕೆಯು ಈ ರೋಗದ ವೈಕಲ್ಯವನ್ನು ಅಳೆಯುವ ಮಾನವೊಂದನ್ನು ೧೯೫೫ರಲ್ಲಿ ರಚಿಸಿ, ೧೯೮೩ರಲ್ಲಿ ವಿಸ್ತರಿಸಿದನು. ಸೊನ್ನೆಯಿಂದ ೧೦ರವರೆಗಿನ ಈ ಮಾನದಲ್ಲಿ ನಡುವಣ ಮೆಟ್ಟಿಲುಗಳೆಲ್ಲವೂ ನಡೆಯಬಲ್ಲ ದೂರವನ್ನೇ ಮುಖ್ಯವಾಗಿ ಅವಲಂಬಿಸಿವೆ: ಸುಮಾರು ೫೦೦ ಮೀಟರು ಆಸರೆಯಿಲ್ಲದೆ ನಡೆಯಬಲ್ಲವನು ನಾಲ್ಕನೆಯ ಮೆಟ್ಟಿಲಿನವನು, ೧೦೦ ಮೀಟರು ನಡೆಯಲು ಒಂದು ಕಡೆಯ ಕೋಲನ್ನು ಬಯಸುವವನು ಆರನೆಯವನು, ಆಸರೆಯಿದ್ದರೂ ೫ ಮೀಟರಿಗಿಂತ ಮುಂದೆ ಹೋಗಲಾರದವನು ಏಳನೆಯವನು. ಇದರಿಂದ ಒಂದು ಗುಣವೂ ಒಂದು ದೋಷವೂ ಉಂಟಾದವು. ನಡಿಗೆಯು ರೋಗದ ಅಳತೆಗೋಲಾಗಿ ಎಲ್ಲ ಸಂಶೋಧಕರ ಲಕ್ಷ್ಯವನ್ನು ಸೆಳೆದುದು ಗುಣ. ಎಷ್ಟು ದೂರ ನಡೆದನೆಂಬುದೇ ಮುಖ್ಯವಾಗಿ, ಹೇಗೆ ನಡೆದನು, ನಡೆಯುವಾಗ ಏನನ್ನು ನೋಡಿದನು, ಏನನ್ನು ಯೋಚಿಸಿದನು ಎಂಬವು ಅಲಕ್ಷಿತವಾದುದು ದೋಷ.

೫. ಕಾಲಿಗೆ ಕಣ್ಣಿನ ಆಸರೆ

ನಡಿಗೆಯಲ್ಲಿ ದೃಷ್ಟಿಯ ಪಾತ್ರವೇನೆಂಬುದನ್ನು ಸ್ಫುಟಪಡಿಸಿದವನು ಬರ್ಲಿನಿನ ಮೋರಿಟ್ಸ್ ರೋಂಬರ್ಗ್. ೧೮೪೦ರ ದಶಕದಲ್ಲಿ ಸಂಪೂರ್ಣವಾದ ತನ್ನ ನರರೋಗಗ್ರಂಥದಲ್ಲಿ ಅವನು, ಬೆನ್ನುಹುರಿಯ ಹಿಂಭಾಗವು ಕ್ಷಯಿಸುವ ಟೇಬಿಸ್ ಎಂಬ ರೋಗದವರು ಕಣ್ಣು ತೆರೆದಿರುವಾಗ ನಿಲ್ಲಬಲ್ಲರೆಂದೂ, ಕಣ್ಣು ಮುಚ್ಚಿದೊಡನೆ ತೂಗಾಡುವರೆಂದೂ ಬರೆದನು. ಈ ಪರೀಕ್ಷೆಯು ಅವನ ಹೆಸರಿನಿಂದಲೇ ಇಂದಿಗೂ ನಡೆಯುತ್ತಿದೆ. ಇದರ ತಾತ್ಪರ್ಯವೇನು? ಪಾದವು ಎಲ್ಲಿದೆ, ಮಂಡಿ ಎಷ್ಟು ಮಡಿದಿದೆ ಎಂಬ ಒಳಗಿನ ಅರಿವು ಲೋಪವಾದವನು ಕಣ್ಣಿನಿಂದಲೇ ಆ ಕೊರತೆಯನ್ನು ತುಂಬಿಕೊಳ್ಳುತ್ತಿರುತ್ತಾನೆ. ರೋಂಬರ್ಗನು ಇದನ್ನು ರೋಗದ ಚಿಹ್ನೆಯಾಗಿ ಕಂಡನು. ಚಿಕಿತ್ಸೆಯ ಬೀಜವಾಗಿ ಕಾಣಲಿಲ್ಲ.

ಹಾಗೆ ಕಂಡವನು ಹೈನ್ರಿಖ್ ಫ್ರೆಂಕೆಲ್ (೧೮೬೦–೧೯೩೧). ಇವನು ಸ್ವಿಟ್ಸರ್ಲೆಂಡಿನ ಹೈಡೆನ್ ಎಂಬ ಊರಿನಲ್ಲಿ ವೈದ್ಯನಾಗಿದ್ದನು. ಒಬ್ಬ ಟೇಬಿಸ್ ರೋಗಿಯನ್ನು ಕಣ್ಣು ಮುಚ್ಚಿ ಬೆರಳಿನಿಂದ ಮೂಗನ್ನು ಮುಟ್ಟುವಂತೆ ಹೇಳಿದಾಗ ಅವನಿಂದ ಆಗಲಿಲ್ಲ. ಕೆಲವು ಕಾಲದ ಮೇಲೆ ಅದೇ ರೋಗಿಯು ಬಂದು ಅದನ್ನು ಚೆನ್ನಾಗಿ ಮಾಡಿ ತೋರಿಸಿದನು. ವಿಚಾರಿಸಲಾಗಿ, ಪರೀಕ್ಷೆಯಲ್ಲಿ ಸೋತೆನೆಂಬ ಲಜ್ಜೆಯಿಂದ ಅವನು ಮನೆಯಲ್ಲಿ ಅದನ್ನೇ ಅಭ್ಯಸಿಸುತ್ತಿದ್ದನೆಂದು ತಿಳಿಯಿತು. ರೋಗವು ಹೋಗಿರಲಿಲ್ಲ, ಅಭ್ಯಾಸದಿಂದ ಕೈ ಮಾತ್ರ ವಶವಾಗಿತ್ತು. ಶಿಷ್ಯನಿಂದ ಗುರುವು ಕಲಿತ ಪಾಠವೆಂದರೆ ಇದೇ.

ಫ್ರೆಂಕೆಲನು ಇದರ ಮೇಲೆ ಒಂದು ಕ್ರಮವನ್ನು ಕಟ್ಟಿ, ೧೮೯೦ರಿಂದ ಪ್ರಕಟಿಸತೊಡಗಿ, ೧೯೦೦ರಲ್ಲಿ ಗ್ರಂಥರೂಪಕ್ಕೆ ತಂದನು. ಮೊದಲು ಮಲಗಿ, ಬಳಿಕ ಕುಳಿತು, ಬಳಿಕ ನಿಂತು, ಕಡೆಗೆ ನಡೆದು ಮಾಡತಕ್ಕ ಅಭ್ಯಾಸಗಳು ಅದರಲ್ಲಿವೆ. ಪ್ರತಿಯೊಂದು ಚಲನೆಯೂ ನಿಧಾನವಾಗಿರಬೇಕು, ನಿಷ್ಕೃಷ್ಟವಾಗಿರಬೇಕು, ಎಣಿಕೆಗೆ ಅನುಗುಣವಾಗಿರಬೇಕು, ರೋಗಿಯು ತನ್ನ ಅಂಗವನ್ನು ಕಣ್ಣಿನಿಂದ ಹಿಂಬಾಲಿಸುತ್ತಿರಬೇಕು. ನಡೆಯುವ ಅಭ್ಯಾಸಕ್ಕಾಗಿ ನೆಲದ ಮೇಲೆ ಗೆರೆಗಳನ್ನೂ ಪಾದದ ಗುರುತುಗಳನ್ನೂ ಬರೆದು, ಅವುಗಳ ಮೇಲೆಯೇ ಹೆಜ್ಜೆಯಿಡಿಸುತ್ತಿದ್ದರು. ಬಲವನ್ನು ಹೆಚ್ಚಿಸುವುದು ಇದರ ಉದ್ದೇಶವಲ್ಲ, ಕಲಿಸುವುದು ಉದ್ದೇಶ. ವೇದಪಾಠಶಾಲೆಯಲ್ಲಿ ಪದವನ್ನು ಬಿಡಿಸಿ, ಕ್ರಮವಾಗಿ ಜೋಡಿಸಿ, ಮತ್ತೆಮತ್ತೆ ಹೇಳಿಸುವ ರೀತಿಯನ್ನು ಬಲ್ಲವರಿಗೆ ಫ್ರೆಂಕೆಲನ ಮಾರ್ಗವು ಅಪರಿಚಿತವೆನಿಸದು. ಟೇಬಿಸಿಗಾಗಿ ಹುಟ್ಟಿದ ಈ ಅಭ್ಯಾಸಗಳು ಮಲ್ಟಿಪಲ್ ಸ್ಕ್ಲೆರೋಸಿಸ್ ಮೊದಲಾದ ಇತರ ರೋಗಗಳಲ್ಲಿ ನಡಿಗೆ ಹದಗೆಟ್ಟವರಿಗೂ ಮುಂದೆ ಬಳಕೆಯಾದವು.

೬. ವಿಶ್ರಾಂತಿವಾದವೂ ಅದರ ಖಂಡನವೂ

ಇಷ್ಟರಲ್ಲಿ ಇದಕ್ಕೆ ವಿರುದ್ಧವಾದ ಒಂದು ಮತವು ಬಲಗೊಂಡಿತು. ಜರ್ಮನಿಯ ನೇತ್ರವೈದ್ಯ ವಿಲ್ಹೆಲ್ಮ್ ಉಥೋಫನು ೧೮೯೦ರ ಸುಮಾರಿನಲ್ಲಿ, ಈ ರೋಗಿಗಳಲ್ಲಿ ಕೆಲವರಿಗೆ ಶ್ರಮಪಟ್ಟ ಮೇಲೆ ಕಣ್ಣು ಸ್ವಲ್ಪಕಾಲ ಮಬ್ಬಾಗುವುದೆಂದು ವರ್ಣಿಸಿದನು. ಶರೀರದ ಉಷ್ಣವು ಏರಿದಾಗ ಹೊದಿಕೆಯಿಲ್ಲದ ತಂತುಗಳಲ್ಲಿ ವಾರ್ತೆಯ ಸಂಚಾರವು ಮತ್ತಷ್ಟು ಕುಂದುವುದೇ ಇದಕ್ಕೆ ಕಾರಣ. ಉಷ್ಣವು ಇಳಿದೊಡನೆ ದೃಷ್ಟಿಯು ಮೊದಲಿನಂತಾಗುವುದು. ಆದರೆ ತಾತ್ಕಾಲಿಕವಾದ ಈ ಕುಂದನ್ನು ರೋಗದ ವೃದ್ಧಿಯೆಂದು ಶಂಕಿಸಿ, ಶ್ರಮವೇ ಅಹಿತವೆಂದು ವೈದ್ಯರು ಗ್ರಹಿಸಿದರು. ಆಯಾಸವು ಈ ರೋಗದ ಪ್ರಧಾನಲಕ್ಷಣಗಳಲ್ಲಿ ಒಂದಾದುದರಿಂದ ಆ ಗ್ರಹಿಕೆಗೆ ಪುಷ್ಟಿಯೂ ದೊರೆಯಿತು. ನಡೆಯಬೇಡ, ದಣಿಯಬೇಡ, ಮಲಗಿರು ಎಂಬ ಉಪದೇಶವು ಇಪ್ಪತ್ತನೆಯ ಶತಮಾನದ ಬಹುಭಾಗದಲ್ಲಿ ರೋಗಿಗಳಿಗೆ ದೊರೆಯುತ್ತ ಬಂದಿತು.

ಇದರ ಪರಿಣಾಮವನ್ನು ಊಹಿಸುವುದು ಕಷ್ಟವಲ್ಲ. ಬಳಸದ ಸ್ನಾಯು ಕ್ಷೀಣಿಸುವುದು, ಮಡಿಸದ ಸಂಧಿಯು ಬಿಗಿಯುವುದು, ನಡೆಯದವನಿಗೆ ನಡೆಯುವ ಧೈರ್ಯವು ಹೋಗುವುದು. ರೋಗದಿಂದ ಆದ ಹಾನಿಯಾವುದು, ವಿಶ್ರಾಂತಿಯಿಂದ ಆದ ಹಾನಿಯಾವುದು ಎಂಬ ವಿವೇಕವೇ ಅಸಾಧ್ಯವಾಯಿತು. ಈ ಮತವನ್ನು ಪ್ರಯೋಗಪೂರ್ವಕವಾಗಿ ಖಂಡಿಸಿದವರಲ್ಲಿ ಅಮೆರಿಕದ ಯೂಟಾ ವಿಶ್ವವಿದ್ಯಾನಿಲಯದ ಜ್ಯಾಕ್ ಪೆಟಾಜನ್ ಮುಖ್ಯನು. ಅವನೂ ಅವನ ಸಹೋದ್ಯೋಗಿಗಳೂ ೫೪ ಮಂದಿ ರೋಗಿಗಳನ್ನು ಯಾದೃಚ್ಛಿಕವಾಗಿ ಎರಡು ಗುಂಪುಗಳಾಗಿ ವಿಂಗಡಿಸಿ, ಒಂದು ಗುಂಪಿಗೆ ೧೫ ವಾರಗಳ ಕಾಲ, ವಾರಕ್ಕೆ ಮೂರು ಬಾರಿ ಕೈಕಾಲುಗಳ ವ್ಯಾಯಾಮವನ್ನು ಮಾಡಿಸಿ, ೧೯೯೬ರಲ್ಲಿ ಫಲವನ್ನು ಪ್ರಕಟಿಸಿದರು. ವ್ಯಾಯಾಮ ಮಾಡಿದವರ ದೇಹಶಕ್ತಿಯೂ ಬಲವೂ ಹೆಚ್ಚಿದವು; ಮನಸ್ಸಿನ ಖಿನ್ನತೆಯು ಇಳಿಯಿತು. ಅನಂತರ ನಡೆದ ಅನೇಕ ಪರೀಕ್ಷೆಗಳು ಇದನ್ನೇ ದೃಢಪಡಿಸಿದವು. ಶತಮಾನಕಾಲ ನಿಂತಿದ್ದ ಒಂದು ನಿಷೇಧವು ಸಮರ್ಥವಾದ ಪ್ರಮಾಣವಿಲ್ಲದೆ ನಿಂತಿದ್ದಿತೆಂಬುದು ಹೀಗೆ ವಿದಿತವಾಯಿತು. ಯಂತ್ರದೃಶ್ಯಗಳ ಚಿಕಿತ್ಸೆಗೆ ಬಾಗಿಲು ತೆರೆದುದು ಯಂತ್ರದ ಅಭಿವೃದ್ಧಿಯೊಂದರಿಂದಲೇ ಅಲ್ಲ, ಈ ಖಂಡನದಿಂದಲೂ ಎಂಬುದನ್ನು ಮರೆಯಲಾಗದು.

೭. ಯಂತ್ರಕಲ್ಪಿತ ದೃಶ್ಯದ ಪ್ರವೇಶ

ಇಲ್ಲದ ವಸ್ತುವನ್ನು ಘನಾಕಾರದಿಂದ ಕಾಣಿಸುವ ಯಂತ್ರದ ಚರಿತ್ರೆಯು ಚಾರ್ಲ್ಸ್ ವ್ಹೀಟ್‌ಸ್ಟನ್ನನ ದ್ವಿನೇತ್ರದರ್ಶಕದಿಂದ ಮೊದಲಾಗುವುದು. ಎರಡು ಕಣ್ಣುಗಳಿಗೆ ತುಸು ಬೇರೆಯಾದ ಎರಡು ಚಿತ್ರಗಳನ್ನು ತೋರಿಸಿದರೆ ಮನಸ್ಸು ಅವುಗಳನ್ನು ಒಂದುಗೂಡಿಸಿ ಆಳವುಳ್ಳ ವಸ್ತುವನ್ನಾಗಿ ಕಾಣುವುದೆಂದು ಅವನು ೧೮೩೮ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ನಿರೂಪಿಸಿದನು. ಕಾರ್ಸ್ವೆಲ್ಲನ ಚಿತ್ರಸಂಪುಟವು ಹೊರಬಂದ ವರ್ಷವೂ ಅದೇ; ಎರಡಕ್ಕೂ ಪರಸ್ಪರ ಸಂಬಂಧವಿರಲಿಲ್ಲ, ಸಂಬಂಧವುಂಟಾಗಲು ಒಂದೂವರೆ ಶತಮಾನಕ್ಕೂ ಮಿಕ್ಕು ಬೇಕಾಯಿತು. ೧೯೨೯ರಲ್ಲಿ ಎಡ್ವಿನ್ ಲಿಂಕ್ ವಿಮಾನಚಾಲಕರ ಶಿಕ್ಷಣಕ್ಕಾಗಿ ನೆಲಬಿಟ್ಟೇಳದ ಕೃತಕ ವಿಮಾನವನ್ನು ನಿರ್ಮಿಸಿದನು. ೧೯೬೮ರಲ್ಲಿ ಐವನ್ ಸದರ್‌ಲ್ಯಾಂಡ್ ತಲೆಗೆ ಧರಿಸುವ ದರ್ಶಕವನ್ನು ಗಣಕಯಂತ್ರಕ್ಕೆ ಜೋಡಿಸಿ, ತಲೆ ತಿರುಗಿದಂತೆ ದೃಶ್ಯವೂ ತಿರುಗುವ ಹಾಗೆ ಮಾಡಿದನು. ನೋಡುವವನ ಚಲನೆಗೆ ದೃಶ್ಯವು ಉತ್ತರಕೊಡುವುದೇ ಚಿತ್ರಕ್ಕೂ ಇದಕ್ಕೂ ಇರುವ ಭೇದ.

ಈ ಯಂತ್ರವನ್ನು ನಡಿಗೆಗೆ ತಂದ ಸೇತುವೆಯು ಪಾರ್ಕಿನ್ಸನ್ ರೋಗ. ನೆಲದ ಮೇಲೆ ಅಡ್ಡಗೆರೆಗಳಿದ್ದರೆ ಆ ರೋಗಿಗಳು ಸಲೀಸಾಗಿ ಹೆಜ್ಜೆಯಿಡುವರೆಂದು ಇಂಗ್ಲೆಂಡಿನ ಪರ್ಡನ್ ಮಾರ್ಟಿನ್ ೧೯೬೭ರ ತನ್ನ ಗ್ರಂಥದಲ್ಲಿ ವಿವರಿಸಿದ್ದನು. ಆದರೆ ರೋಗಿಯು ಹೋದೆಡೆಯಲ್ಲೆಲ್ಲ ಗೆರೆಯೆಳೆಯಲು ಸಾಧ್ಯವೇ? ಇಸ್ರೇಲ್ ದೇಶದ ಹೈಫಾ ನಗರದಲ್ಲಿರುವ ಟೆಕ್ನಿಯಾನ್ ವಿದ್ಯಾಲಯದ ಯೋರಾಮ್ ಬರಾಮ್ ಈ ಪ್ರಶ್ನೆಗೆ ಉತ್ತರವನ್ನು ಕೊಟ್ಟನು. ಕನ್ನಡಕಕ್ಕೆ ಅಳವಡಿಸಿದ ಪುಟ್ಟ ದರ್ಶಕದಲ್ಲಿ ಚದುರಂಗದ ಹಾಸಿನಂತಹ ನೆಲವು ಕಾಣುವುದು; ರೋಗಿಯ ಮೈಮೇಲಿನ ಚಲನಮಾಪಕವು ಅವನ ನಡೆಯನ್ನು ತಿಳಿದು, ಅವನು ನಡೆದರೆ ನೆಲವು ಅವನೆಡೆಗೆ ಸರಿಯುವಂತೆಯೂ ನಿಂತರೆ ನಿಲ್ಲುವಂತೆಯೂ ಮಾಡುವುದು. ಮೊದಲು ಪಾರ್ಕಿನ್ಸನ್ ರೋಗಿಗಳಲ್ಲಿ ಪರೀಕ್ಷಿತವಾದ ಇದನ್ನು ಬರಾಮನೂ ಹೈಫಾದ ವೈದ್ಯ ಏರಿಯಲ್ ಮಿಲ್ಲರನೂ ಮಲ್ಟಿಪಲ್ ಸ್ಕ್ಲೆರೋಸಿಸ್‌ನ ೧೬ ಮಂದಿ ರೋಗಿಗಳಲ್ಲಿ ಪರೀಕ್ಷಿಸಿ ೨೦೦೬ರಲ್ಲಿ ಪ್ರಕಟಿಸಿದರು. ನಡಿಗೆ ಹೆಚ್ಚು ಕೆಟ್ಟವರಲ್ಲಿ ವೇಗವೂ ಹೆಜ್ಜೆಯ ಉದ್ದವೂ ವೃದ್ಧಿಸಿದವು. ಉಪಕರಣವನ್ನು ತೆಗೆದ ಬಳಿಕವೂ ಆ ಸುಧಾರಣೆಯು ಕೆಲಕಾಲ ಉಳಿದುದು ಗಮನಾರ್ಹ. ಏಕೆಂದರೆ ಆಸರೆಯಾಗಿದ್ದುದು ಶಿಕ್ಷಣವಾಗಿಯೂ ಪರಿಣಮಿಸಿತೆಂಬುದಕ್ಕೆ ಅದು ಸೂಚಕ. ಫ್ರೆಂಕೆಲನು ನೆಲದ ಮೇಲೆ ಬರೆಯಿಸಿದ ಗುರುತುಗಳೇ ಇಲ್ಲಿ ಕನ್ನಡಕದೊಳಗೆ ಬಂದಿವೆಯೆಂದು ಹೇಳಿದರೆ ಅತಿಶಯೋಕ್ತಿಯಾಗದು.

ಇದಾದ ಮೇಲೆ ಎರಡು ದಾರಿಗಳು ಕವಲೊಡೆದವು. ಒಂದು, ಮನೆಯಲ್ಲಿ ಆಟದ ಯಂತ್ರದ ಮುಂದೆ ಅಭ್ಯಾಸ. ನಿಂಟೆಂಡೋ ಎಂಬ ಜಪಾನೀ ಸಂಸ್ಥೆಯು ೨೦೦೭ರಲ್ಲಿ ಹೊರತಂದ ಸಮತೋಲದ ಮಣೆಯ ಮೇಲೆ ನಿಂತು ರೋಗಿಗಳು ಮನೆಯಲ್ಲಿಯೇ ಅಭ್ಯಾಸಮಾಡುವ ಕ್ರಮವನ್ನು ರೋಮ್ ನಗರದ ವೈದ್ಯರು ಪರೀಕ್ಷಿಸಿ ೨೦೧೩ರಲ್ಲಿ ವರದಿಮಾಡಿದರು. ಸಮತೋಲವು ಸುಧಾರಿಸಿತು, ಮೇಲ್ವಿಚಾರಣೆಯಿಲ್ಲದ ಅಭ್ಯಾಸದಲ್ಲಿ ಕೆಲವರಿಗೆ ಮಂಡಿ ಅಥವಾ ಬೆನ್ನಿನ ನೋವೂ ಬಂದಿತು.

ಎರಡನೆಯದು, ವೈದ್ಯಶಾಲೆಯಲ್ಲಿ ಉರುಳುವ ಪಟ್ಟಿಯ ಮೇಲೆ ನಡೆಯುತ್ತ ತೆರೆಯ ಮೇಲಿನ ದಾರಿಯನ್ನು ದಾಟುವ ಅಭ್ಯಾಸ. ಇದರ ಹಿಂದಿರುವ ವಿಚಾರವು ಸೂಕ್ಷ್ಮವಾದುದು. ಸ್ವಸ್ಥನು ಮಾತನಾಡುತ್ತ ನಡೆಯುವನು. ಅವನ ಕಾಲಿಗೆ ಮನಸ್ಸಿನ ಕಾವಲು ಬೇಡ. ಈ ರೋಗಿಗೆ ಪ್ರತಿಯೊಂದು ಹೆಜ್ಜೆಗೂ ಅವಧಾನವು ಬೇಕು. ಯಾರಾದರೂ ಕರೆದರೆ, ಲೆಕ್ಕವೊಂದು ಮನಸ್ಸಿಗೆ ಬಂದರೆ, ಕಾಲು ತಪ್ಪುವುದು. ಆದುದರಿಂದ ನಡೆಯುತ್ತಲೇ ಅಡ್ಡಿಗಳನ್ನು ನೋಡುವ, ದಾರಿಯನ್ನು ಆಯುವ, ನೆನಪಿಡುವ ಕೆಲಸಗಳನ್ನು ಒಟ್ಟಿಗೆ ಕೊಟ್ಟು, ಕಾಲನ್ನೂ ಬುದ್ಧಿಯನ್ನೂ ಜೊತೆಯಾಗಿ ಪಳಗಿಸಬೇಕು. ನಿಜವಾದ ಬೀದಿಯಲ್ಲಿ ಇದನ್ನು ಮಾಡಿಸಿದರೆ ಅಪಾಯ. ಕಲ್ಪಿತವಾದ ಬೀದಿಯಲ್ಲಿ, ಸೊಂಟಕ್ಕೆ ಪಟ್ಟಿ ಬಿಗಿದು ಮಾಡಿಸಿದರೆ ಎಡವಿದರೂ ಬೀಳುವುದಿಲ್ಲ. ಈ ರೀತಿಯ ಅಭ್ಯಾಸವನ್ನು ಪಾರ್ಕಿನ್ಸನ್ ರೋಗಿಗಳೂ ಸೇರಿ ಬೀಳುವ ಭಯವುಳ್ಳ ಸುಮಾರು ೩೦೦ ಮಂದಿ ವೃದ್ಧರಲ್ಲಿ ಐದು ದೇಶಗಳಲ್ಲಿ ಪರೀಕ್ಷಿಸಿ ೨೦೧೬ರಲ್ಲಿ ಪ್ರಕಟಿಸಿದ ಫಲದಂತೆ, ದೃಶ್ಯವಿಲ್ಲದೆ ನಡೆದವರಿಗಿಂತ ದೃಶ್ಯದೊಡನೆ ನಡೆದವರು ಮುಂದಿನ ಆರು ತಿಂಗಳಲ್ಲಿ ಕಡಮೆ ಬಿದ್ದರು.

೮. ಪ್ರಮಾಣಪರೀಕ್ಷೆ

ಹಾಗಾದರೆ ಮಲ್ಟಿಪಲ್ ಸ್ಕ್ಲೆರೋಸಿಸ್‌ನಲ್ಲಿಯೂ ದೃಶ್ಯವೇ ಗುಣಕಾರಿಯೆಂದು ನಿರ್ಣಯಿಸಬಹುದೇ? ಇಲ್ಲಿ ಎಚ್ಚರಿಕೆಯು ಬೇಕು. ೨೦೨೩ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ ಈ ರೋಗದ ೧೨೪ ಮಂದಿಯನ್ನು ಎರಡು ಗುಂಪುಗಳಾಗಿ ಮಾಡಿ, ಆರು ವಾರಗಳ ಕಾಲ, ಒಂದು ಗುಂಪನ್ನು ಉರುಳುಪಟ್ಟಿಯ ಮೇಲೆ ಬರಿದೆ ನಡೆಯಿಸಿದರು. ಮತ್ತೊಂದನ್ನು ದೃಶ್ಯಸಹಿತವಾಗಿ ನಡೆಯಿಸಿದರು. ಬೇರೊಂದು ಕೆಲಸವನ್ನು ಮಾಡುತ್ತ ನಡೆಯುವ ವೇಗವು ಎರಡು ಗುಂಪುಗಳಲ್ಲಿಯೂ ಸುಧಾರಿಸಿತು. ಬುದ್ಧಿಯು ವಿಷಯವನ್ನು ಗ್ರಹಿಸುವ ವೇಗದಲ್ಲಿ ಮಾತ್ರ ದೃಶ್ಯಸಹಿತವಾದ ಗುಂಪು ಮೇಲಾಯಿತು. ಇದನ್ನು ಅನ್ವಯವ್ಯತಿರೇಕನ್ಯಾಯದಿಂದ ವಿಚಾರಿಸಬೇಕು. ದೃಶ್ಯವಿಲ್ಲದಿದ್ದರೂ ನಡಿಗೆಯು ಸುಧಾರಿಸಿದುದರಿಂದ ನಡಿಗೆಯ ಸುಧಾರಣೆಗೆ ಪ್ರಧಾನಕಾರಣವು ನಡೆಯುವ ಅಭ್ಯಾಸವೇ. ದೃಶ್ಯವಿದ್ದಲ್ಲಿ ಮಾತ್ರ ಅಧಿಕವಾಗಿ ತೋರಿದುದು ಬುದ್ಧಿಯ ಚುರುಕು; ಆದುದರಿಂದ ಅದಕ್ಕೆ ದೃಶ್ಯವು ಕಾರಣ. ೨೦೧೮ರಲ್ಲಿ ಪ್ರಕಟವಾದ ಒಂದು ಸಮಗ್ರವಿಮರ್ಶೆಯೂ, ಸಮತೋಲ ಮತ್ತು ನಡಿಗೆಗಳ ಮಟ್ಟಿಗೆ ಈ ಪದ್ಧತಿಯು ಸಾಂಪ್ರದಾಯಿಕವಾದ ಅಭ್ಯಾಸಕ್ಕೆ ಕನಿಷ್ಠಪಕ್ಷ ಸಮಾನವೆಂಬ ಅಭಿಪ್ರಾಯಕ್ಕೆ ಬಂದಿರುತ್ತದೆ. ಸಮಾನವೆಂಬುದು ಶ್ರೇಷ್ಠವೆಂಬುದಲ್ಲ, ಆದರೆ ಬೇಸರದಿಂದ ಅಭ್ಯಾಸವನ್ನು ಬಿಡುವವನನ್ನು ಆಟದ ರುಚಿಯು ಹಿಡಿದು ನಿಲ್ಲಿಸಿದರೆ ಅದೂ ಒಂದು ಗುಣವೇ ಸರಿ.

ದೋಷಗಳನ್ನೂ ಹೇಳಬೇಕು. ಈ ರೋಗದಲ್ಲಿ ನೇತ್ರನರವೇ ಪೀಡಿತವಾಗುವುದುಂಟು. ಎರಡಾಗಿ ಕಾಣುವವನಿಗೆ, ಕಣ್ಣು ಅದುರುವವನಿಗೆ ತಲೆಯ ದರ್ಶಕವು ಆಸರೆಯಾಗುವ ಬದಲು ತೊಡಕಾಗಬಹುದು. ದೃಶ್ಯವು ಚಲಿಸಿ ದೇಹವು ಚಲಿಸದಿರುವಾಗ ಕೆಲವರಿಗೆ ತಲೆಸುತ್ತು ಬರುವುದು. ಉಷ್ಣದೇಶಗಳಲ್ಲಿ ಉಥೋಫನು ಕಂಡ ಲಕ್ಷಣವನ್ನು ನೆನೆದು, ಅಭ್ಯಾಸದ ಕೋಣೆಯನ್ನು ತಂಪಾಗಿಡುವುದು ಅವಶ್ಯಕ.

ಕರ್ಣಾಟಕಕ್ಕೂ ಈ ವಿಚಾರಕ್ಕೂ ಸಂಬಂಧವಿಲ್ಲದೆ ಇಲ್ಲ. ಈ ರೋಗವು ಶೀತದೇಶಗಳದೆಂದೂ ಭಾರತದಲ್ಲಿ ಅತಿವಿರಳವೆಂದೂ ಬಹುಕಾಲ ನಂಬಲಾಗಿತ್ತು. ಮೆದುಳಿನ ಚಿತ್ರವನ್ನು ತೆಗೆಯುವ ಎಂ.ಆರ್.ಐ. ಯಂತ್ರಗಳು ಹರಡಿದ ಮೇಲೆ ಆ ನಂಬಿಕೆಯು ಸಡಿಲಿತು. ಮಂಗಳೂರು ನಗರದಲ್ಲಿ ನಡೆದು ೨೦೧೪ರಲ್ಲಿ ಪ್ರಕಟವಾದ ಗಣನೆಯು ಲಕ್ಷಕ್ಕೆ ಸುಮಾರು ೮ ಮಂದಿಯಲ್ಲಿ ಇದನ್ನು ಕಂಡಿತು. ಪ್ರಪಂಚದಲ್ಲಿ ಒಟ್ಟು ೨೮ ಲಕ್ಷ ರೋಗಿಗಳಿರುವರೆಂಬುದು ೨೦೨೦ರ ಅಂತರರಾಷ್ಟ್ರೀಯ ಗಣನೆಯ ಅಂದಾಜು. ೨೦೧೬ರ ಭಾರತದ ಅಂಗವಿಕಲರ ಹಕ್ಕುಗಳ ಅಧಿನಿಯಮವು ಮಲ್ಟಿಪಲ್ ಸ್ಕ್ಲೆರೋಸಿಸ್ಸನ್ನು ಹೆಸರಿಸಿ ತನ್ನ ಪಟ್ಟಿಯಲ್ಲಿ ಸೇರಿಸಿರುವುದರಿಂದ ಶಾಸನದ ದೃಷ್ಟಿಯಲ್ಲಿಯೂ ಇದು ಈ ದೇಶದ ರೋಗವೇ ಆಗಿದೆ.

೯. ಉಪಸಂಹಾರ

ಮೇಲಣ ವಿಚಾರದಿಂದ ಮೂರು ಸಂಗತಿಗಳು ಸಿದ್ಧವಾಗುತ್ತವೆ. ಒಂದನೆಯದು, ದೃಷ್ಟಿಯಿಂದ ನಡಿಗೆಯನ್ನು ತಿದ್ದುವ ಮಾರ್ಗವು ರೋಂಬರ್ಗನ ಪರೀಕ್ಷೆಯಲ್ಲಿ ಬೀಜವಾಗಿಯೂ, ಫ್ರೆಂಕೆಲನ ಕ್ರಮದಲ್ಲಿ ವೃಕ್ಷವಾಗಿಯೂ ಇದ್ದಿತು. ಬರಾಮನ ಕನ್ನಡಕವು ಅದರ ಹೊಸದೊಂದು ಶಾಖೆ. ಎರಡನೆಯದು, ಈ ಮಾರ್ಗಕ್ಕೆ ಇದ್ದ ಅಡ್ಡಿಯು ಯಂತ್ರದ ಅಭಾವವಷ್ಟೇ ಅಲ್ಲ. ಶ್ರಮವು ಅಹಿತವೆಂಬ ಅಪರೀಕ್ಷಿತವಾದ ಮತವು ಅದಕ್ಕಿಂತ ದೊಡ್ಡ ಅಡ್ಡಿಯಾಗಿದ್ದಿತು. ಮೂರನೆಯದು, ಯಂತ್ರವು ಅಭ್ಯಾಸದ ಸ್ಥಾನವನ್ನು ಆಕ್ರಮಿಸಲಾರದು, ಅಭ್ಯಾಸಕ್ಕೆ ಸಹಕಾರಿಯಾಗಬಲ್ಲುದು.

ಈ ಮೂರನೆಯ ಸಂಗತಿಯಲ್ಲಿ ಯಂತ್ರವಿಲ್ಲದ ಊರುಗಳಿಗೂ ಒಂದು ಸಮಾಧಾನವುಂಟು. ಬೆಲೆಬಾಳುವ ದರ್ಶಕಗಳೂ ಉರುಳುಪಟ್ಟಿಗಳೂ ದೊಡ್ಡ ನಗರಗಳ ವೈದ್ಯಶಾಲೆಗಳಿಗೆ ಮಾತ್ರ ಎಟುಕತಕ್ಕವು. ಫ್ರೆಂಕೆಲನ ಗೆರೆಗಳಿಗೆ ಬೇಕಾದುದು ಸಮವಾದ ನೆಲ, ಒಂದು ಹಿಡಿ ಸುಣ್ಣ, ಪಕ್ಕದಲ್ಲಿ ಕೈಕೊಟ್ಟು ನಡೆಯುವ ತಿಳಿದವರೊಬ್ಬರು. ವೈದ್ಯನ ಸಲಹೆಯನ್ನು ಪಡೆದು ಇಷ್ಟನ್ನು ಯಾವ ಮನೆಯ ಪಡಸಾಲೆಯಲ್ಲಾದರೂ ಒದಗಿಸಬಹುದು. ದೆಸ್ತೆಗೆ ಔಷಧವೂ ರಾಜಕುಲದ ಐಶ್ವರ್ಯವೂ ದೊರೆತವು, ನಡಿಗೆಯನ್ನು ಕಲಿಸುವ ಗುರು ದೊರೆಯಲಿಲ್ಲ. ಇಂದಿನ ರೋಗಿಗಳಿಗಾದರೂ ಅಂತಹ ಗುರುವನ್ನು ಒದಗಿಸುವುದು ಯಂತ್ರವನ್ನು ಒದಗಿಸುವುದಕ್ಕಿಂತ ಮೊದಲಿನ ಕೆಲಸವೆಂದು ಈ ಚರಿತ್ರೆಯಿಂದ ತಿಳಿದುಬರುತ್ತದೆ.